ಕೈಗೆ ಕಟ್ಟು ಬಿದ್ದ ತಿಂಗಳು

ತಮ್ಮ ಮನೆಯಲ್ಲಿ ಸಾಸಿವೆಯ ಡಬ್ಬಿ ಎಲ್ಲಿದೆಯೆಂದು ಥಟ್ಟನೆ ಹೇಳಬಲ್ಲ ಗೃಹಸ್ಥರು ಎಷ್ಟು ಮಂದಿ ಇದ್ದಾರು? ಮೈಸೂರಿನ ನಿವೃತ್ತ ಗುಮಾಸ್ತರೊಬ್ಬರು ಅರುವತ್ತೆರಡು ವಯಸ್ಸು ತುಂಬುವವರೆಗೆ ಈ ಪ್ರಶ್ನೆಯನ್ನು ಎದುರಿಸಿರಲಿಲ್ಲ. ಅವರ ಪತ್ನಿ ಅಡುಗೆಮನೆಯಲ್ಲಿ ಬಿದ್ದು ಬಲಗೈಯ ಮಣಿಕಟ್ಟಿನ ಮೂಳೆ ಮುರಿದುಕೊಂಡರು. ವೈದ್ಯರು ಪ್ಲಾಸ್ಟರು ಹಾಕಿ, ಒಂದು ತಿಂಗಳು ಕೈ ಅಲುಗಿಸಕೂಡದೆಂದರು. ಆಕೆ ಹೊಸ್ತಿಲ ಬಳಿ ಕುರ್ಚಿ ಹಾಕಿಸಿಕೊಂಡು ಕುಳಿತರು; ಯಜಮಾನರು ಒಳಗೆ ಪ್ರವೇಶಿಸಿದರು.

“ಏನೇ, ಸಾಸಿವೆ ಎಲ್ಲಿ?”

“ನಿಮ್ಮ ಮೂಗಿನ ಕೆಳಗೇ ಇದೆ, ನೋಡಿ.”

ಮೊದಲ ದಿನವೇ ಹಾಲು ಉಕ್ಕಿ ಒಲೆಯೆಲ್ಲ ಅಭಿಷಿಕ್ತವಾಯಿತು. ನೀರು ಕುದಿದರೂ ಹೀಗೆ ಉಕ್ಕದು. ಹಾಲಿನ ಮೇಲೆ ಕಟ್ಟುವ ಕೆನೆ ಆವಿಗೆ ಮುಚ್ಚಳವಾಗಿ, ಆವಿ ಅದನ್ನೇ ಎತ್ತಿಕೊಂಡು ಏರುತ್ತದೆ. ಪಾತ್ರೆಯೊಳಗೊಂದು ಸೌಟು ಬಿಟ್ಟಿದ್ದರೆ ಆವಿಗೆ ದಾರಿಯಾಗುತ್ತದೆ. ಮರುದಿನ ತೊಗರಿಬೇಳೆಯೊಂದಿಗೇ ಹುಣಿಸೆಯ ರಸವನ್ನೂ ಸುರಿದು ಒಲೆಯ ಮುಂದೆ ಕಾದರು. ಹುಳಿ ಬಿದ್ದ ಬೇಳೆ ಸುಲಭವಾಗಿ ಬೇಯದೆಂಬುದನ್ನು ಯಾವ ಕಡತವೂ ಅವರಿಗೆ ತಿಳಿಸಿರಲಿಲ್ಲ. ಹೆಪ್ಪು ಹಾಕುವ ಹಾಲು ಬೆರಳಿಗೆ ಹಿತವೆನಿಸುವಷ್ಟೇ ಬಿಸಿಯಿರಬೇಕೆಂಬುದೂ ಎರಡು ಸಲ ಮೊಸರು ಕೆಟ್ಟ ಮೇಲೆ ತಿಳಿಯಿತು.

ಎರಡನೆಯ ವಾರ ಒಂದು ಗಾಬರಿ. ಬಿಳಿಯ ಅಂಗಿಯ ಮೇಲಿನ ಅರಿಸಿನದ ಕಲೆಗೆ ಸಾಬೂನು ತಿಕ್ಕಿದರೆ ಅದು ರಕ್ತದಂತೆ ಕೆಂಪೇರಿತು. ಬೆರಳು ಕೊಯ್ದಿತೇನೋ ಎಂದು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಹೊಸ್ತಿಲಿನಿಂದ ನಗು ಕೇಳಿಸಿತು. “ಆರತಿಯ ನೀರು ಕೆಂಪಾಗುವುದು ಹೇಗೆ ಅಂದುಕೊಂಡಿದ್ದಿರಿ?” ಅರಿಸಿನಕ್ಕೆ ಸುಣ್ಣ ಸೇರಿದರೆ ಓಕುಳಿ, ಸುಣ್ಣದಂತೆ ಸಾಬೂನೂ ಕ್ಷಾರವೇ. ಮದುವೆಯ ದಿನದಿಂದ ಎಷ್ಟು ಆರತಿ ಎತ್ತಿಸಿಕೊಂಡಿದ್ದರೋ, ಒಮ್ಮೆಯೂ ಕೇಳಿರಲಿಲ್ಲ. ಅಂಗಿಯನ್ನು ಬಿಸಿಲಿಗೆ ಹರವಿದ ಮೇಲೆ ಕಲೆ ಮಾಸುತ್ತ ಬಂತು.

ಗ್ಯಾಸಿನ ಸಿಲಿಂಡರು ಬಂದಾಗ ಕುರ್ಚಿಯಿಂದಲೇ ಅಪ್ಪಣೆಯಾಯಿತು: “ಹಿಡಿಯ ಕೆಳಗಿನ ಪಟ್ಟಿಯ ಮೇಲಿರುವ ಅಕ್ಷರ ಓದಿ.” ‘ಎ’ ಎಂದರೆ ಮಾರ್ಚ್, ‘ಬಿ’ ಜೂನ್, ‘ಸಿ’ ಸೆಪ್ಟೆಂಬರ್, ‘ಡಿ’ ಡಿಸೆಂಬರ್, ಪಕ್ಕದ ಅಂಕಿ ವರ್ಷ. ಆ ಅವಧಿಯೊಳಗೆ ಸಿಲಿಂಡರಿನ ಭದ್ರತೆಯನ್ನು ಮತ್ತೆ ಪರೀಕ್ಷಿಸಬೇಕು. ಒಳಗಿನ ಅನಿಲ ೧೪.೨ ಕಿಲೋಗ್ರಾಂ. ಮೂವತ್ತು ವರ್ಷ ಪರರ ಕಾಗದಗಳ ತಾರೀಖು ತಿದ್ದಿದ ಯಜಮಾನರು ತಮ್ಮ ಮನೆಯ ಒಲೆಯ ಪಕ್ಕದ ತಾರೀಖನ್ನು ಅಂದೇ ಮೊದಲು ಓದಿದ್ದು.

ಮೂರನೆಯ ವಾರ ಉಪ್ಪು ಮುಗಿಯಿತು. ಜಾಡಿ ಮೇಲಿನ ಹಲಗೆಯ ಮೇಲಿತ್ತು. ಸ್ಟೂಲು ಎಳೆದು ಹತ್ತಿದರು. ಹತ್ತಿದೊಡನೆ ಅದು ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ವಾಲಿತು. ಮೂರು ಕಾಲಿನ ಪೀಠ ಎಂದೂ ಕುಂಟದು. ನಾಲ್ಕು ಕಾಲಿನದಕ್ಕೆ ಒಂದು ಗಿಡ್ಡವಾದರೆ ಸಾಕು. ಆ ಕಾಲಿನ ಅಡಿಗೆ ಮಡಿಸಿಟ್ಟ ಕಾಗದವೊಂದು ಸವೆದು ಹಾಳೆಯಾಗಿತ್ತು. ಈ ಸ್ಟೂಲಿನ ಮಾತು ಪ್ರತಿ ದೀಪಾವಳಿಗೂ ಬರುತ್ತಿತ್ತು. “ನೋಡೋಣ” ಎಂಬ ಉತ್ತರವೂ ಪ್ರತಿ ದೀಪಾವಳಿಗೂ ಸಿಗುತ್ತಿತ್ತು.

ಅವರು ಗೋಡೆ ಹಿಡಿದು ಮೆಲ್ಲನೆ ಇಳಿದರು. ನೆಲ ಒದ್ದೆಯಿತ್ತು, ಜಾರಿದೆ ಎಂದು ಆಕೆ ವೈದ್ಯರ ಮುಂದೆ ಹೇಳಿದ್ದರು. ಬಂದು ಹೋದವರ ಮುಂದೆಯೂ ಅದನ್ನೇ ಹೇಳಿದ್ದರು.

“ಅಂದು ನೆಲ ಒದ್ದೆಯಿತ್ತೇನೆ?”

ಆಕೆ ಕಿಟಕಿಯ ಕಡೆ ನೋಡಿದರು. “ಇದ್ದರೂ ಇದ್ದೀತು. ಉಪ್ಪು ಸಿಕ್ಕಿತೇ?”

ಮರುದಿನ ಬಡಗಿ ಬಂದ. ಹಲಗೆ ಎರಡು ಅಡಿ ಕೆಳಗಿಳಿಯಿತು. ಸ್ಟೂಲನ್ನು ದುರಸ್ತಿ ಮಾಡಿಕೊಡುತ್ತೇನೆಂದು ಅವನು ಎಷ್ಟು ಹೇಳಿದರೂ ಯಜಮಾನರು ಕೇಳಲಿಲ್ಲ, ಹೊತ್ತುಕೊಂಡು ಹೋಗೆಂದರು.

ತಿಂಗಳು ತುಂಬಿ ಪ್ಲಾಸ್ಟರು ಕತ್ತರಿಸಿದ ದಿನ ಆಕೆ, ಬೇಡವೆಂದರೂ ಕೇಳದೆ, ಕಾಫಿಗೆ ನೀರಿಟ್ಟರು. ಸಕ್ಕರೆಯ ಡಬ್ಬಿಯಲ್ಲಿ ತಳ ಕಾಣುತ್ತಿತ್ತು. ಅಭ್ಯಾಸಬಲದಿಂದ ಸ್ಟೂಲಿಗೆಂದು ಮೂಲೆಯತ್ತ ತಿರುಗಿದರು. ಮೂಲೆ ಬರಿದಾಗಿತ್ತು. ಬಡವಾಗಿದ್ದ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು, ಗೋಡೆಯ ಮೇಲೆ ಉಳಿದಿದ್ದ ಹಳೆಯ ಮೊಳೆಯ ಗುರುತುಗಳನ್ನು ಸ್ವಲ್ಪ ಹೊತ್ತು ನೋಡಿದರು.

“ಸಕ್ಕರೆ ಎಲ್ಲಿಟ್ಟಿದ್ದೀರಿ?”

“ನಿನ್ನ ಮೂಗಿನ ಕೆಳಗೇ ಇದೆ, ನೋಡು,” ಎಂದರು ಯಜಮಾನರು, ಹೊಸ್ತಿಲ ಬಳಿಯ ಕುರ್ಚಿಯಿಂದ ಏಳುತ್ತ.