ನಿಖರತೆಯ ವ್ರತ ಎಲ್ಲಿಗೆ ನಿಲ್ಲುತ್ತದೆ?

ಪ್ಲಾಸ್ಟಿಕ್ ಬಿಡಿಭಾಗಗಳನ್ನು ಅಂಟಿಸಿ ಯುದ್ಧಕಾಲದ ವಿಮಾನಗಳ ಪ್ರತಿಕೃತಿಗಳನ್ನು ಕಟ್ಟುವುದು ಮಕ್ಕಳಾಟವೆಂಬ ಭಾವನೆ ಹಲವರಲ್ಲಿದೆ. 1953ರಲ್ಲಿ ಇಂಗ್ಲೆಂಡಿನ ಏರ್‌ಫಿಕ್ಸ್ ಸಂಸ್ಥೆಯು ಸ್ಪಿಟ್‌ಫೈರ್ ವಿಮಾನದ ಕಿಟ್ಟನ್ನು ಮೂಲದ ಎಪ್ಪತ್ತೆರಡನೆಯ ಒಂದು ಪಾಲಿನ ಅಳತೆಯಲ್ಲಿ ಮಾರಾಟಕ್ಕೆ ತಂದಾಗ ಅದು ಹಾಗಿದ್ದಿರಲೂಬಹುದು. ಇಂದು ಆ ಮೇಜಿನ ಮುಂದೆ ಕುಳಿತವರಲ್ಲಿ ನರೆತ ತಲೆಯವರೂ ಇದ್ದಾರೆ. ಪೆಟ್ಟಿಗೆಯಲ್ಲಿ ಬಂದುದನ್ನು ಬಂದಂತೆಯೇ ಜೋಡಿಸುವುದು ಅವರಿಗೆ ಒಪ್ಪದು. ತಯಾರಕನ ತಪ್ಪನ್ನು ಹುಡುಕಿ ತಿದ್ದುವುದರಲ್ಲೇ ಅವರ ಹೆಮ್ಮೆ.

ಅಮೆರಿಕದ ಮೋನೋಗ್ರಾಂ ಸಂಸ್ಥೆಯು 1977ರಲ್ಲಿ ಬಿ-29 ಬಾಂಬರ್ ವಿಮಾನದ ಕಿಟ್ಟೊಂದನ್ನು ಹೊರತಂದಿತು. ಅದರ ಅಳತೆ 1:48. ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 90 ಸೆಂಟಿಮೀಟರ್. ಇಂಥ ಸಾಮಾನ್ಯ ಬಿ-29 ಕಿಟ್ಟಿನಿಂದ ಹಿರೋಷಿಮಾಕ್ಕೆ ಹೋದ ‘ಎನೋಲಾ ಗೇ’ಯನ್ನು ಕಟ್ಟಬಯಸುವವನು ಎಷ್ಟು ತಿದ್ದಬೇಕು! ಭಾರ ಇಳಿಸಲೆಂದು ಆ ವಿಮಾನದ ಬೆನ್ನು, ಹೊಟ್ಟೆಗಳ ಮೇಲಿನ ಬಂದೂಕು ಗೋಪುರಗಳನ್ನು ತೆಗೆದುಹಾಕಿದ್ದರು. ಬಾಲದ ಬಂದೂಕುಗಳಷ್ಟೇ ಉಳಿದಿದ್ದವು. ಆದುದರಿಂದ ಕಿಟ್ಟಿನಲ್ಲಿರುವ ಗೋಪುರಗಳ ತೂತುಗಳನ್ನು ಮುಚ್ಚಿ, ಉಜ್ಜಿ, ಲೋಹದ ಹೊದಿಕೆಯ ಗೆರೆಗಳನ್ನು ಹೊಸದಾಗಿ ಕೊರೆಯಬೇಕು. ಪ್ರೊಪೆಲ್ಲರುಗಳು ಕರ್ಟಿಸ್ ಎಲೆಕ್ಟ್ರಿಕ್ ಮಾದರಿಯವಾಗಿರಬೇಕು. ಬಾಲದ ಮೇಲೆ ಆ ಪಡೆಯ ವಾಡಿಕೆಯ ಬಾಣದ ಗುರುತಿರಕೂಡದು. ಶತ್ರುವಿನ ಕಣ್ಣು ತಪ್ಪಿಸಲು ಬರೆದಿದ್ದ, ವೃತ್ತದೊಳಗಿನ ‘ಆರ್’ ಅಕ್ಷರವಿರಬೇಕು. ಪಕ್ಕದಲ್ಲಿ 82 ಎಂಬ ಅಂಕಿ. ಚಾಲಕನ ತಾಯಿಯ ಹೆಸರನ್ನು ವಿಮಾನದ ಮೂತಿಯ ಮೇಲೆ ಬರೆದದ್ದು ಹೊರಡುವ ಹಿಂದಿನ ದಿನವೇ ಆದುದರಿಂದ, ಅದಕ್ಕೂ ಮುಂಚಿನ ರೂಪದಲ್ಲಿ ವಿಮಾನವನ್ನು ಕಟ್ಟುವವನು ಆ ಹೆಸರನ್ನು ಬಿಡಬೇಕು.

ಈ ಶ್ರದ್ಧೆಯನ್ನು ಲೇವಡಿ ಮಾಡುವುದು ಸಲ್ಲದು. ಧರ್ಮಗ್ರಂಥದ ಓಲೆಪ್ರತಿಯನ್ನು ಪರಿಷ್ಕರಿಸುವ ಪಂಡಿತನಲ್ಲಿಯೂ ಇಷ್ಟು ತಾಳ್ಮೆ ಎಲ್ಲ ಕಾಲಕ್ಕೂ ಕಾಣದು. ಆಕ್ಷೇಪಿಸಬೇಕಾದದ್ದು ಆ ಶ್ರದ್ಧೆ ನಿಲ್ಲುವ ಸ್ಥಳವನ್ನು.

ನಮ್ಮ ಕೆಲವು ಹಿರಿಯರು ಇಂಥ ಪ್ರತಿಕೃತಿಗಳನ್ನು ಕಂಡೊಡನೆ ಯಶೋಧರನ ಹಿಟ್ಟಿನ ಕೋಳಿಯನ್ನು ನೆನೆಯಬಹುದು. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಚಂಡಮಾರಿಗೆ ಹಿಟ್ಟಿನ ಕೋಳಿಯನ್ನು ಬಲಿಯಿತ್ತುದಕ್ಕಾಗಿ ಅರಸನು ಜನ್ಮಜನ್ಮಾಂತರಗಳಲ್ಲಿ ನೊಂದುದು ಜನ್ನನ ಕಾವ್ಯದಿಂದ ಕನ್ನಡಿಗರಿಗೆಲ್ಲ ತಿಳಿದ ಕಥೆ. ಆದರೆ ಈ ಹೋಲಿಕೆ ಇಲ್ಲಿ ನಿಲ್ಲುವುದಿಲ್ಲ. ಯಶೋಧರನಲ್ಲಿ ಕೊಲ್ಲುವ ಸಂಕಲ್ಪವಿತ್ತು. ಹಿಟ್ಟು ಅದಕ್ಕೆ ನೆಪ. ಪ್ಲಾಸ್ಟಿಕ್ಕನ್ನು ಉಜ್ಜುವವನಲ್ಲಿ ಅಂಥ ಸಂಕಲ್ಪವಿಲ್ಲ. ಅವನ ಕೈಯಿಂದ ಯಾವ ಜೀವಕ್ಕೂ ನೋವಾಗಿಲ್ಲ. ಅವನಿಗೆ ತಕ್ಕ ಮಾತು ಪ್ರಮಾದ. ತತ್ತ್ವಾರ್ಥಸೂತ್ರಕಾರರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು ಮುಂದಿಟ್ಟದ್ದು ಸುಮ್ಮನೆ ಅಲ್ಲ. ಕಾಣಬಲ್ಲ ಕಣ್ಣಿದ್ದೂ ಒಂದು ದಿಕ್ಕಿಗೆ ಅದನ್ನು ತಿರುಗಿಸದಿರುವುದು ಬರಿಯ ಅಜ್ಞಾನವಲ್ಲ.

‘ನಮಗೆ ರಾಜಕೀಯ ಬೇಡ, ನಿಖರತೆಯಷ್ಟೇ ಸಾಕು’ ಎಂಬುದು ಈ ಹವ್ಯಾಸಿಗಳ ಸಾಮಾನ್ಯ ಸಮರ್ಥನೆ. ಆಗಲಿ, ನಿಖರತೆಯನ್ನೇ ಹಿಡಿಯೋಣ. ಅವರದೇ 1:48ರ ಅಳತೆಯನ್ನು ವಿಮಾನದ ಹೊಟ್ಟೆಯಿಂದ ಕೆಳಕ್ಕೂ ಹರಿಸಿದರೆ ಏನಾಗುತ್ತದೆ? 3 ಮೀಟರ್ ಉದ್ದದ ಬಾಂಬು 6 ಸೆಂಟಿಮೀಟರಿನ ಒಂದು ತುಣುಕಾಗುತ್ತದೆ. ಅದು ಬಿದ್ದದ್ದು ಸುಮಾರು 9,400 ಮೀಟರ್ ಎತ್ತರದಿಂದ. ಮೇಜಿನ ಲೆಕ್ಕದಲ್ಲಿ 196 ಮೀಟರ್. ಸಿಡಿದದ್ದು ನೆಲದಿಂದ ಸುಮಾರು 580 ಮೀಟರ್ ಮೇಲೆ. ಇಲ್ಲಿ 12 ಮೀಟರ್. ಸುಮಾರು 1.6 ಕಿಲೋಮೀಟರ್ ಸುತ್ತಳತೆಯೊಳಗೆ ಎಲ್ಲವೂ ನಾಶವಾಯಿತೆಂದು ಹೇಳುವಾಗ ಅದು ಮಧ್ಯದಿಂದ ಅಂಚಿಗಿರುವ ದೂರ; ಇಲ್ಲಿ 33 ಮೀಟರ್. ಮಾದರಿ ಇರಿಸಿದ ಕೋಣೆಯಷ್ಟೇ ಅಲ್ಲ, ಅಕ್ಕಪಕ್ಕದ ಮನೆಗಳೂ ಆ ವೃತ್ತದೊಳಗೆ ಸೇರುತ್ತವೆ. ಅದರಲ್ಲಿ ಮೂರು ಸೆಂಟಿಮೀಟರಿನಷ್ಟು ಎತ್ತರದ ಮನುಷ್ಯರನ್ನು ನಿಲ್ಲಿಸಬೇಕು. ಹಿರೋಷಿಮಾ ನಗರದ ಅಂದಾಜಿನಂತೆ 1945ರ ಕೊನೆಯ ಹೊತ್ತಿಗೆ ಸತ್ತವರು ಸುಮಾರು 1,40,000. ಪ್ರೊಪೆಲ್ಲರಿನ ಅಲಗು ಒಂದು ಮಿಲಿಮೀಟರ್ ಅಗಲವಾದರೆ ನಿದ್ದೆಗೆಡುವವನು ಈ ಲೆಕ್ಕವನ್ನು ಒಮ್ಮೆಯೂ ಹಾಕದಿದ್ದರೆ ಅವನ ನಿಖರತೆಗೆ ಬೇರೆ ಹೆಸರು ಹುಡುಕಬೇಕಾಗುತ್ತದೆ.

ತಪ್ಪು ಹವ್ಯಾಸಿಯದು ಮಾತ್ರವಲ್ಲ. ರಾಯ್ ಕ್ರಾಸ್ ಎಂಬ ಚಿತ್ರಕಾರರು 1964ರಿಂದ ಏರ್‌ಫಿಕ್ಸ್ ಪೆಟ್ಟಿಗೆಗಳ ಮೇಲೆ ಬರೆದ ಚಿತ್ರಗಳಲ್ಲಿ ಹೊಗೆಯಿತ್ತು, ಬೆಂಕಿಯಿತ್ತು. ಮುಂದಿನ ಮುದ್ರಣಗಳಲ್ಲಿ ಬೀಳುವ ಬಾಂಬುಗಳನ್ನೂ ಸ್ಫೋಟಗಳನ್ನೂ ಅಳಿಸಲಾಯಿತು. ಬಾಂಬರು ನಿರ್ಮಲವಾದ ಆಕಾಶದಲ್ಲಿ ವಿಹರಿಸತೊಡಗಿತು. ಇದನ್ನು ಅಹಿಂಸೆಯೆಂದು ಮೆಚ್ಚುವವರು ಇದ್ದರೆ ಅವರು ಮೋಸಹೋಗಿದ್ದಾರೆ. ಹಳೆಯ ಚಿತ್ರ ರೋಚಕವಾಗಿದ್ದರೂ ಸುಳ್ಳು ಹೇಳುತ್ತಿರಲಿಲ್ಲ.

ಮೂಲ ‘ಎನೋಲಾ ಗೇ’ಯ ಗತಿಯೂ ಇದೇ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯು ಬಾಂಬಿನ ಪರಿಣಾಮವನ್ನೂ ತೋರಿಸುವ ಪ್ರದರ್ಶನವೊಂದನ್ನು ಯೋಜಿಸಿ, ಮಾಜಿ ಸೈನಿಕರ ಸಂಘಗಳ ಮತ್ತು ಸಂಸತ್ ಸದಸ್ಯರ ಪ್ರತಿಭಟನೆಯಿಂದ 1995ರ ಜನವರಿಯಲ್ಲಿ ಅದನ್ನು ಕೈಬಿಟ್ಟಿತು. ಅದೇ ಮೇ ತಿಂಗಳಲ್ಲಿ ವಸ್ತುಸಂಗ್ರಹಾಲಯದ ನಿರ್ದೇಶಕ ಮಾರ್ಟಿನ್ ಹಾರ್ವಿಟ್ ರಾಜೀನಾಮೆ ನೀಡಿದರು. ಜಪಾನಿನ ಆಕ್ರಮಣದ ಕ್ರೌರ್ಯಕ್ಕೆ ಅಲ್ಲಿ ತಕ್ಕ ಸ್ಥಳವಿಲ್ಲವೆಂಬ ಸೈನಿಕರ ದೂರಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೆ ಅರ್ಧ ಬರೆದ ಲೆಕ್ಕಕ್ಕೆ ಪರಿಹಾರ ಪುಟವನ್ನೇ ಹರಿಯುವುದೇ? 2003ರಲ್ಲಿ ಪೂರ್ಣ ವಿಮಾನವನ್ನು ವರ್ಜೀನಿಯಾದಲ್ಲಿ ಪ್ರದರ್ಶನಕ್ಕೆ ಇಟ್ಟಾಗ ಫಲಕದಲ್ಲಿ ಅದರ ತಾಂತ್ರಿಕ ವಿವರಗಳಿದ್ದವು. ಸತ್ತವರ ಸಂಖ್ಯೆ ಇರಲಿಲ್ಲ.

1943ರ ಮೇ 16ರ ರಾತ್ರಿ 19 ಲ್ಯಾಂಕಾಸ್ಟರ್ ವಿಮಾನಗಳು ಜರ್ಮನಿಯ ಅಣೆಕಟ್ಟುಗಳನ್ನು ಒಡೆಯಲು ಹೊರಟವು. 8 ಹಿಂತಿರುಗಲಿಲ್ಲ, 53 ಮಂದಿ ವೈಮಾನಿಕರು ಮಡಿದರು. ಆ ಬಾಂಬಿನ ರೂಪ ಗುಟ್ಟಾಗಿದ್ದ ಕಾಲದಲ್ಲಿ, 1955ರಲ್ಲಿ, ತೆಗೆದ ಚಲನಚಿತ್ರದಲ್ಲಿ ಅದು ತಪ್ಪಾಗಿ ಕಾಣಿಸಿಕೊಂಡಿತು. ಇಂದಿನ ಹವ್ಯಾಸಿಗೆ ಅದು ಪೀಪಾಯಿಯ ಆಕಾರದ್ದೆಂದೂ, ಬೀಳುವ ಮುನ್ನ ನಿಮಿಷಕ್ಕೆ 500 ಸುತ್ತು ಹಿಮ್ಮುಖವಾಗಿ ತಿರುಗುತ್ತಿತ್ತೆಂದೂ ಗೊತ್ತು. ಮೋನೆ ಅಣೆಕಟ್ಟಿನ ನೀರಿನಲ್ಲಿ ಕೊಚ್ಚಿಹೋದ ನೂರಾರು ಜನ, ಸೋವಿಯೆತ್ ನಾಡಿನಿಂದ ಜರ್ಮನರು ಬಲವಂತವಾಗಿ ಎಳೆದುತಂದಿದ್ದ ಕೂಲಿ ಹೆಂಗಸರೆಂಬುದು? ಅದೂ ಅದೇ ರಾತ್ರಿಯ ವಿವರವೇ.

ಕಿಟ್ಟುಗಳನ್ನು ಸುಡಬೇಕೆಂದು ಯಾರೂ ಕೇಳುತ್ತಿಲ್ಲ. ಪ್ರದರ್ಶನಗಳಲ್ಲಿ ಮಾದರಿಯ ಮುಂದೆ ಪುಟ್ಟ ಚೀಟಿಯೊಂದನ್ನು ಇಡುವ ರೂಢಿಯಿದೆ: ತಯಾರಕರು, ಅಳತೆ, ಪಡೆ. ಗುರಿಯಾದ ಊರಿನ ಹೆಸರಿಗೂ ಅಲ್ಲಿ ಏನಾಯಿತೆಂಬುದಕ್ಕೂ ಆ ಚೀಟಿಯಲ್ಲಿ ಒಂದು ಸಾಲು ಇರಲಿ. ಅದರಿಂದ ಹವ್ಯಾಸದ ಆನಂದ ಕೆಡುವುದೆನ್ನುವವರು ಜಪಾನಿನ ಶಿಜುವೋಕಾದ ಕಡೆ ನೋಡಲಿ. ಲ್ಯಾಂಕಾಸ್ಟರಿನ ಹೆಸರಾಂತ ಕಿಟ್ಟನ್ನು ತಯಾರಿಸಿದ ಟಮಿಯಾ ಸಂಸ್ಥೆಯ ಊರದು. ಪ್ರತಿವರ್ಷ ಮೇ ತಿಂಗಳಲ್ಲಿ ಅಲ್ಲಿ ಮಾದರಿಗಳ ದೊಡ್ಡ ಪ್ರದರ್ಶನ ನಡೆಯುತ್ತದೆ. 1945ರ ಜೂನ್ 19ರ ರಾತ್ರಿ ಆರಂಭವಾದ ಬಿ-29 ದಾಳಿಯಲ್ಲಿ ಆ ನಗರ ಬೆಂದುಹೋಗಿ ಸುಮಾರು 2,000 ಜನ ಸತ್ತರು. ಎರಡು ವಿಮಾನಗಳು ಆಕಾಶದಲ್ಲೇ ಡಿಕ್ಕಿ ಹೊಡೆದು 23 ಅಮೆರಿಕನರೂ ಸತ್ತರು. ಆ ಊರಿನ ಫುಕುಮಾತ್ಸು ಇತೋ ಎಂಬವರು ಆ ಶತ್ರುಗಳ ದೇಹಗಳನ್ನೂ ಊರವರೊಡನೆ ಮಣ್ಣುಮಾಡಿ, ಮುಂದೆ ಗುಡ್ಡದ ಮೇಲೆ ಇಬ್ಬಣದವರಿಗೂ ಸ್ಮಾರಕ ನಿಲ್ಲಿಸಿದರು. ವಿಮಾನದ ಅವಶೇಷದಲ್ಲಿ ಸಿಕ್ಕ ಕರಕಲಾದ ನೀರಿನ ಕುಪ್ಪಿಯೊಂದನ್ನು ಅಲ್ಲಿನ ವಾರ್ಷಿಕ ಸ್ಮರಣೆಗೆ ಇಂದಿಗೂ ತರುತ್ತಾರೆ.