ಕಾಲು ಉದ್ದವಾಗಲು ಎಷ್ಟು ಕಾಲ?

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದೊಡನೆ ಆಪರೇಷನ್ ಮಾಡಿಸಿದರೆ, ಜೂನ್ ಹೊತ್ತಿಗೆ ಮಗಳು ಕಾಲೇಜಿಗೆ ಎಂದಿನಂತೆ ನಡೆದು ಹೋಗಬಹುದೆ? ಒಂದು ಕಾಲು ಗಿಡ್ಡವಿರುವ ಮಕ್ಕಳ ತಂದೆತಾಯಿಯರಿಗೆ ಇಂಥ ಆಸೆ ಸಹಜ. ಆದರೆ ಮೂಳೆಗೆ ತನ್ನದೇ ಆದ ಲೆಕ್ಕವಿದೆ.

ಈ ಲೆಕ್ಕವನ್ನು ಕಂಡುಕೊಂಡವರು ಸೈಬೀರಿಯದ ಕುರ್ಗಾನ್ ಪಟ್ಟಣದ ವೈದ್ಯ ಇಲಿಜರೋವ್. ಅವರು 1950ರ ದಶಕದಲ್ಲಿ ರೂಪಿಸಿದ ವಿಧಾನದಲ್ಲಿ ಮೂಳೆಯನ್ನು ಕತ್ತರಿಸಿ, ಕಾಲಿನ ಸುತ್ತ ಲೋಹದ ಬಳೆಗಳನ್ನು ತಂತಿಗಳಿಂದ ಬಿಗಿಯುತ್ತಾರೆ. ಸುಮಾರು ಒಂದು ವಾರ ಬಿಟ್ಟು, ದಿನಕ್ಕೆ 1 ಮಿ.ಮೀ.ನಂತೆ, ಅದನ್ನೂ ನಾಲ್ಕು ಕಂತುಗಳಲ್ಲಿ, ಎಳೆಯುತ್ತಾರೆ. ಆ ಸಂದಿನಲ್ಲಿ ಹೊಸ ಮೂಳೆ ಹುಟ್ಟುತ್ತದೆ. ಅವಸರದಿಂದ ಎಳೆದರೆ ಮೂಳೆ ಸರಿಯಾಗಿ ಕೂಡುವುದಿಲ್ಲ, ನರಗಳಿಗೂ ಪೆಟ್ಟು. ತೀರ ನಿಧಾನಿಸಿದರೆ ಮೂಳೆ ಮೊದಲೇ ಬೆಸೆದುಕೊಳ್ಳುತ್ತದೆ.

ಹೊಸಕೋಟೆ ಬಳಿಯ ಪಿಲ್ಲಗುಂಪೆಯ ಹುಡುಗಿಯೊಬ್ಬಳ ಕಾಲು 5 ಸೆಂ.ಮೀ. ಉದ್ದವಾಗಬೇಕೆಂದಿಟ್ಟುಕೊಳ್ಳಿ. ಏಪ್ರಿಲ್ ಮೊದಲಿಗೆ ಆಪರೇಷನ್ ಆದರೆ, 50 ದಿನ ಎಳೆಯುವಷ್ಟರಲ್ಲಿ ಮೇ ಮುಗಿಯುತ್ತದೆ. ಹೊಸ ಮೂಳೆ ಗಟ್ಟಿಯಾಗಲು ಅದರ ಎರಡರಷ್ಟು ಅಥವಾ ಇನ್ನೂ ಹೆಚ್ಚು ದಿನ ಬೇಕು. ಪ್ರತಿ ಸೆಂಟಿಮೀಟರಿಗೆ ಒಂದರಿಂದ ಒಂದೂವರೆ ತಿಂಗಳೆಂದರೂ, ಬಳೆ ತೆಗೆಯುವುದು ಸೆಪ್ಟೆಂಬರ್‌ನಿಂದ ನವೆಂಬರ್ ನಡುವೆ. ಓಟ, ಆಟಗಳಿಗೆ ಸುಮಾರು ಒಂದು ವರ್ಷ ಕಾಯಬೇಕು.

ಹಾಗೆಂದು ಓದು ನಿಲ್ಲಬೇಕಿಲ್ಲ. ವೈದ್ಯರು ಒಪ್ಪಿದಷ್ಟು ಭಾರ ಹಾಕಿ, ಊರುಗೋಲು ಹಿಡಿದು ಕಾಲೇಜಿಗೆ ಹೋಗಬಹುದು. ನೆಲಮಹಡಿಯಲ್ಲಿ ತರಗತಿ, ಹಾಜರಾತಿಯಲ್ಲಿ ರಿಯಾಯಿತಿ ಬೇಕೆಂದು ಪ್ರಾಂಶುಪಾಲರಲ್ಲಿ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಎಳೆಯುವ ದಿನಗಳಲ್ಲಿ ಒಂದೆರಡು ವಾರಕ್ಕೊಮ್ಮೆ ಎಕ್ಸ್‌ರೇ, ತಪಾಸಣೆ ಇರುತ್ತವೆ. ಬೆಂಗಳೂರಿಗೆ ಓಡಾಡುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ದಿನವೂ ವ್ಯಾಯಾಮ ಮಾಡದಿದ್ದರೆ ಮೊಣಕಾಲು, ಪಾದದ ಕೀಲು ಬಿಗಿದುಕೊಳ್ಳುತ್ತವೆ. ತಂತಿ ಹೊಕ್ಕಿರುವೆಡೆ ಕೆಂಪಾದರೆ, ಕೀವು ಕಂಡರೆ ಕೂಡಲೇ ವೈದ್ಯರಿಗೆ ತೋರಿಸಬೇಕು.

ಈಗ ಮೂಳೆಯೊಳಗೇ ಕೂರುವ ಸರಳುಗಳು ಬಂದಿವೆ. ಅವುಗಳಿಂದ ಹೊರಗಿನ ಬಳೆ ತಪ್ಪುತ್ತದೆ. ಮೂಳೆ ಗಟ್ಟಿಯಾಗುವ ಕಾಲ ತಪ್ಪುವುದಿಲ್ಲ. ವ್ಯತ್ಯಾಸ 2 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಪಾದರಕ್ಷೆಯ ಅಟ್ಟೆ ಎತ್ತರಿಸಿದರೆ ಸಾಕು.

ಬರೀ ಎತ್ತರಕ್ಕಾಗಿ ಆಪರೇಷನ್ ಬಯಸುವವರೂ ಇದ್ದಾರೆ. 2016ರಲ್ಲಿ ಹೈದರಾಬಾದಿನ ಯುವಕನೊಬ್ಬ ಮನೆಯವರಿಗೆ ತಿಳಿಸದೆಯೇ ಇದಕ್ಕೆ ಒಳಗಾಗಿದ್ದು ದೊಡ್ಡ ಸುದ್ದಿಯಾಗಿತ್ತು. ಎರಡೂ ಕಾಲಿನ ಮೂಳೆ ಕತ್ತರಿಸಿಕೊಂಡವನನ್ನು ತಿಂಗಳುಗಟ್ಟಲೆ ಎತ್ತಿ ಕೂರಿಸಲು ಯಾರಾದರೂ ಬೇಕೇ ಬೇಕು. ಮಕ್ಕಳು ಇಂಥ ಆಸೆ ಹೇಳಿಕೊಂಡರೆ ಗದರಿಸದೆ, ಜತೆಗೆ ಕರೆದೊಯ್ದು ವೈದ್ಯರಿಂದಲೇ ಈ ತಿಂಗಳುಗಳ ಲೆಕ್ಕ ಹೇಳಿಸುವುದು ಲೇಸು.