ಬುಲೆಟ್ ಪಾಯಿಂಟಿಗೆ ರೆಕ್ಕೆ ಯಾಕೆ?

"ಅನಿಮೇಷನ್ ಹಾಕದಿದ್ರೆ ಜನ ನಿದ್ದೆ ಮಾಡ್ತಾರೆ ಗುರು" ಅಂದಿದ್ದ ನಮ್ಮ ಟೀಮಿನ ಗೆಳೆಯ. ಅವನ ಡಿಸೈನ್ ರಿವ್ಯೂನಲ್ಲಿ ಒಂದೊಂದು ಬುಲೆಟ್ಟೂ ಎಡಗಡೆಯಿಂದ ಹಾರಿ ಬಂದು, ಎರಡು ಸಲ ಪುಟಿದು, ಆಮೇಲೆ ಕೂರುತ್ತಿತ್ತು. ಯಾರೂ ನಿದ್ದೆ ಮಾಡಲಿಲ್ಲ, ನಿಜ. ಆದರೆ ಕ್ಯೂ ತುಂಬಿಹೋದರೆ ಏನಾಗುತ್ತೆ ಅಂತ ಯಾರೂ ಕೇಳಲೂ ಇಲ್ಲ. ನಾನೂ ಕೇಳಲಿಲ್ಲ. ಕಣ್ಣು ಹಾರೋದರ ಹಿಂದೆ ಹೋದಾಗ ಕಿವಿ ಅಲ್ಲೇ ಉಳಿಯುತ್ತಾ?

ಮೂರು ವಾರಕ್ಕೆ ಕ್ಯೂ ತುಂಬಿತು. ರಾತ್ರಿ ಎರಡು ಗಂಟೆ, ಆನ್‌ಕಾಲ್ ನನ್ನದು. ಅದೇ ಸ್ಲೈಡುಗಳ ಪಿಡಿಎಫ್ ತೆಗೆದೆ. ಪಿಡಿಎಫ್‌ನಲ್ಲಿ ಏನೂ ಹಾರೋದಿಲ್ಲ. ಒಂದು ಹೋದಮೇಲೆ ಇನ್ನೊಂದು ಬರಬೇಕಿದ್ದ ಬಾಕ್ಸುಗಳೆಲ್ಲ ಒಂದರ ಮೇಲೊಂದು ಕೂತಿದ್ದವು. ಯಾವ ಬಾಣ ಎಲ್ಲಿಗೆ ಅಂತಲೇ ತಿಳಿಯಲಿಲ್ಲ. ಕೊನೆಗೆ ಅವನಿಗೇ ಫೋನ್ ಮಾಡಿ ಎಬ್ಬಿಸಿದೆ. ಅವನ ಅನಿಮೇಷನ್ ಅಂತೂ ಒಬ್ಬರ ನಿದ್ದೆ ಓಡಿಸಿತು.

ನಾನು ಅನಿಮೇಷನ್ ವಿರೋಧಿಯಲ್ಲ. ನಮ್ಮೂರಿನ ಶಾಲೆಯಲ್ಲಿ ಗಣಿತದ ಮೇಷ್ಟ್ರು ಪ್ರಮೇಯವನ್ನು ಬೋರ್ಡಿನ ಮೇಲೆ ಒಂದೊಂದೇ ಗೆರೆ ಎಳೆದು ತೋರಿಸುತ್ತಿದ್ದರು. ಮುಂದಿನ ಗೆರೆ ಬರೋಷ್ಟರಲ್ಲಿ ಹಿಂದಿನದು ತಲೆಗೆ ಇಳಿದಿರುತ್ತಿತ್ತು. ಅದೂ ಅನಿಮೇಷನ್ನೇ. ಟಿಸಿಪಿ ಹ್ಯಾಂಡ್‌ಶೇಕ್ ಹೇಳುವಾಗ ಸಿನ್, ಸಿನ್-ಆಕ್, ಆಕ್ ಎಂಬ ಮೂರು ಬಾಣಗಳು ಒಂದೊಂದು ಕ್ಲಿಕ್ಕಿಗೆ ಬರಲಿ. ಅಲ್ಲಿ ಕ್ರಮವೇ ವಿಷಯ. ಬಿ-ಟ್ರೀಯಲ್ಲಿ ನೋಡ್ ತುಂಬಿ ಎರಡಾಗುವುದನ್ನು ಪವರ್‌ಪಾಯಿಂಟಿನ ಮಾರ್ಫ್‌ನಲ್ಲಿ ತೋರಿಸಿ. ನಡುವಿನ ಕೀ ಮೇಲಕ್ಕೆ ಹೋಗೋದು ಕಣ್ಣಿಗೇ ಕಾಣುತ್ತೆ. ಅಲ್ಲಿ ನಿಜವಾಗಿಯೂ ಏನೋ ಜಾಗ ಬದಲಿಸುತ್ತಿದೆ. 'ಸ್ಕೇಲಬಿಲಿಟಿ' ಅನ್ನೋ ಪದ ಎಲ್ಲಿಂದ ಹಾರಿ ಬರುತ್ತೆ, ಯಾಕೆ ಬರುತ್ತೆ?

ಜನ ನಿದ್ದೆ ಮಾಡೋದು ಅಕ್ಷರ ಅಲುಗಾಡಲಿಲ್ಲ ಅಂತಲ್ಲ, ಐದು ಸ್ಲೈಡಿನ ಮಾತನ್ನು 40 ಸ್ಲೈಡಿಗೆ ಎಳೆದದ್ದಕ್ಕೆ. ಅದಕ್ಕೆ ಮದ್ದು ಅನಿಮೇಷನ್ ಟ್ಯಾಬಿನಲ್ಲಿಲ್ಲ, ಡಿಲೀಟ್ ಬಟನ್ನಿನಲ್ಲಿದೆ.

ಹಂತ ಹಂತವಾಗಿ ತೋರಿಸಲೇಬೇಕಾ? ಸ್ಲೈಡನ್ನು ಡೂಪ್ಲಿಕೇಟ್ ಮಾಡಿ, ಪ್ರತಿ ಹಂತಕ್ಕೂ ಒಂದು ಬಾಣ ಸೇರಿಸುತ್ತಾ ಹೋಗಿ. ಮೀಟಿಂಗಿನಲ್ಲಿ ಒಂದೊಂದಾಗಿ ಬರುತ್ತೆ, ಪಿಡಿಎಫ್‌ನಲ್ಲೂ ಹಾಗೇ ಉಳಿಯುತ್ತೆ. ರಾತ್ರಿ ಎರಡು ಗಂಟೆಗೆ ಅದನ್ನು ತೆಗೆಯೋನು ನಿಮ್ಮನ್ನು ಬೈಯಲ್ಲ.

ಇನ್ನೊಂದು ಮಾತು. ಕ್ಯೂ ತುಂಬಿದರೆ ಏನಾಗುತ್ತೆ ಅನ್ನೋದಕ್ಕೂ ಒಂದು ಸ್ಲೈಡ್ ಇರಲಿ. ಅದು ಅಲುಗಾಡದೆ ನಿಂತಿದ್ದರೂ ಯಾರೂ ನಿದ್ದೆ ಮಾಡಲ್ಲ.